ಕಡಲಾಳಕ್ಕಿಳಿದವರು ಘಟ್ಟ ಹತ್ತುವ ಮುನ್ನ

ಕಾಫಿ ನಾಡಿನವರಿಗೆ ಬಿಡುವು ಹೊಂದಿಸುವುದೇ ಕಷ್ಟ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ, ಆಮೇಲೆ ಹೂಮಳೆಯ ಕಾತರ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವಿಂಗ್ ನಡೆಯುವುದೂ ಇದೇ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಕಡಲು ಬಿಡುವುದಿಲ್ಲ. ಹಾಗಾಗಿ ಮೂಡಿಗೆರೆ, ಕಳಸದ ಕಡೆಯವರು ಬೆಳಿಗ್ಗೆ ಮುಳುಗಿ, ಸಂಜೆಗೆ ಘಟ್ಟ ಹತ್ತಿ ಮನೆ ಸೇರುವ ಲೆಕ್ಕ ಹಾಕುವುದು ಸಹಜ. ತೊಡಕಿರುವುದು ಆ ಲೆಕ್ಕದಲ್ಲೇ.

ಫ್ರಾನ್ಸಿನ ಜಾಕ್ ಕೂಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗ್ಯಾನ್ಯಾ ರೂಪಿಸಿದ ಉಸಿರಾಟದ ಸಾಧನ 1943ರಲ್ಲಿ ಮೆಡಿಟರೇನಿಯನ್ ಕಡಲಲ್ಲಿ ಪರೀಕ್ಷೆಗೊಳಗಾಯಿತು. ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಗಾಳಿ ಒದಗಿಸುವುದು ಅದರ ಹೆಚ್ಚುಗಾರಿಕೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟಾಗುತ್ತದೆ. ಆಗ ಉಸಿರಿನ ಸಾರಜನಕ ರಕ್ತ, ಮಾಂಸಖಂಡಗಳಲ್ಲಿ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಬೀಳಬೇಕು. ಒತ್ತಡ ಥಟ್ಟನೆ ತಗ್ಗಿದರೆ, ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವಂತೆ, ದೇಹದೊಳಗೆ ಗುಳ್ಳೆಗಳೇಳುತ್ತವೆ. ಹಂತಹಂತವಾಗಿ ಮೇಲೇರಿದರೆ ಇದನ್ನು ತಪ್ಪಿಸಬಹುದೆಂದು ಬ್ರಿಟನ್ನಿನ ಜೆ.ಎಸ್. ಹಾಲ್ಡೇನ್ 1908ರಲ್ಲೇ ಕೋಷ್ಟಕ ಸಮೇತ ತಿಳಿಸಿದ್ದರು.

ಮುಳುಗಿದ ದಿನವೇ ವಿಮಾನ ಹತ್ತಬಾರದೆನ್ನುವುದು ಇದಕ್ಕಾಗಿ. ಒಮ್ಮೆ ಮುಳುಗಿದವರಿಗೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರಿಗೆ 18 ಗಂಟೆಯ ಬಿಡುವು ಬೇಕೆಂಬುದು ಸಾಮಾನ್ಯ ಸೂತ್ರ. ವಿಮಾನವೇನೋ ಸರಿ, ಜೀಪಿಗೇನು ಎನ್ನಬಹುದು. ಈ ಸೂತ್ರ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ಕಳಸ ಸುಮಾರು 800 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಸಾವಿರ ಮೀಟರಿಗೂ ಮೇಲೆ. ಚಾರ್ಮಾಡಿ ಹತ್ತಿದರೂ ಕುದುರೆಮುಖದ ದಾರಿ ಹಿಡಿದರೂ ಗಾಳಿಯ ಒತ್ತಡ ಅಲ್ಪ ಸಮಯದಲ್ಲೇ ತಗ್ಗುತ್ತದೆ.

ಮೊದಲ ಬಾರಿ ಇಳಿಯುವವರು ಹೆಚ್ಚು ಆಳಕ್ಕೆ, ಹೆಚ್ಚು ಹೊತ್ತು ಹೋಗುವುದಿಲ್ಲವಾದ್ದರಿಂದ ಅಪಾಯ ಬಹಳ ಕಡಿಮೆ. ಆದರೂ ಒಂದು ರಾತ್ರಿ ಕೆಳಗೇ ಉಳಿಯುವುದಕ್ಕೆ ದೊಡ್ಡ ಖರ್ಚೇನಿಲ್ಲ. ಮೊದಲ ದಿನ ನೇತ್ರಾಣಿ ಮುಗಿಸಿ, ಮರುದಿನ ಉಡುಪಿ, ಧರ್ಮಸ್ಥಳ ನೋಡಿಕೊಂಡು ಸಂಜೆ ಘಟ್ಟ ಹತ್ತಿದರಾಯಿತು. ಹೊರನಾಡು, ಶೃಂಗೇರಿ ಘಟ್ಟದ ಮೇಲಿನವು; ಅವನ್ನು ಆಮೇಲಕ್ಕೆ ಇಟ್ಟುಕೊಳ್ಳಬೇಕು. ನೆಗಡಿಯಾಗಿ ಕಿವಿ ಕಟ್ಟಿದ್ದರಂತೂ ಮುಳುಗುವ ಯೋಚನೆಯನ್ನೇ ಬಿಡುವುದು ಲೇಸು.

ಮನೆ ಸೇರಿದ ಮೇಲೆ ಕೀಲು ನೋವು, ಜೋಮು, ತಲೆಸುತ್ತು ಕಾಣಿಸಿಕೊಂಡರೆ ಘಟ್ಟದ ತಿರುವುಗಳ ದೆಸೆಯೆಂದು ಮಲಗಿಬಿಡಬಾರದು. ಕೂಡಲೇ ಆಸ್ಪತ್ರೆಗೆ ಹೋಗಿ, ಕಡಲಲ್ಲಿ ಮುಳುಗಿ ಬಂದದ್ದನ್ನು ವೈದ್ಯರಿಗೆ ಮೊದಲು ಹೇಳಬೇಕು. ಆಮ್ಲಜನಕ ಕೊಡುವುದು ಆರಂಭದ ಚಿಕಿತ್ಸೆ.