ನಳಿಗೆಯ ಅಡಿಯಲ್ಲಿರುವ ಬರಹ

ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಮಾವಿನ ತೋಪಿನ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಇನ್ನೂ ಕಾಣಸಿಗುತ್ತದೆ: ಬೀರುವಿನಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿಟ್ಟ, ಎರಡು ನಳಿಗೆಗಳು ಪಕ್ಕಪಕ್ಕದಲ್ಲಿ ಬೆಸೆದುಕೊಂಡಿರುವ ಬಂದೂಕು. ತಾತ ತಂದದ್ದು, ಅಪ್ಪ ಲೈಸೆನ್ಸ್ ನವೀಕರಿಸುತ್ತ ಉಳಿಸಿಕೊಂಡದ್ದು. ಮೊಮ್ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅವನಿಗೆ ಬೇಡ. ಮಾಲೂರಿನ ಕಡೆಯ ಇನ್ನೊಬ್ಬ ರೈತನಿಗೆ ಬೇಕು. ಮಾತುಕತೆ ಶುರುವಾಗುತ್ತದೆ. ಮಾರುವವನ ಮೊದಲ ಮಾತು ಬಹುಪಾಲು ಒಂದೇ: "ಇದು ಇಂಗ್ಲೆಂಡ್ ಮಾಲು, ಇಂಥದ್ದು ಈಗ ಸಿಗಲ್ಲ."

ಆ ಮಾತಿನ ಎರಡನೇ ಭಾಗದಲ್ಲಿ ಸತ್ಯವಿದೆ. ಮೊದಲ ಭಾಗವನ್ನು ಮಾತ್ರ ಬಂದೂಕಿನ ಮೈಮೇಲೆಯೇ ಓದಿ ತಿಳಿಯಬೇಕು. ಓದದೆ ಕೊಂಡು, ಅಂಗಡಿಯಲ್ಲಿ ಸಿಕ್ಕ ತೋಟಾ ತುಂಬಿ ಹಾರಿಸಿದರೆ ಕಳೆದುಕೊಳ್ಳುವುದು ಹಣವಷ್ಟೇ ಆಗಿರಲಾರದು. ತೋಟಾ ಸಿಡಿಯುವ ಜಾಗದಿಂದ ಎಡಗೈ ಒಂದು ಗೇಣಿನಷ್ಟು ದೂರದಲ್ಲಿರುತ್ತದೆ.

ಮಲೆನಾಡು, ಕೊಡಗಿನವರು 'ಕೋವಿ' ಎನ್ನುವುದನ್ನು ಕೋಲಾರದ ಸೀಮೆಯಲ್ಲಿ ಬಂದೂಕು ಎನ್ನುತ್ತಾರೆ. ಆಂಧ್ರದ ಗಡಿಗೆ ಹತ್ತಿರವಾದಂತೆ ಅದು 'ತುಪಾಕಿ'ಯಾಗುತ್ತದೆ. ಕೋವಿ ಎಂದರೆ ಮೂಲದಲ್ಲಿ ಕೊಳವೆ. ತುಪಾಕಿ ತುರ್ಕಿ ಭಾಷೆಯಿಂದಲೂ ಬಂದೂಕು ಅರಬ್ಬಿಯಿಂದಲೂ ಹೊರಟು ಇಲ್ಲಿಗೆ ಬಂದ ಪದಗಳು. ಹೈದರಾಲಿ ಹುಟ್ಟಿದ ಬೂದಿಕೋಟೆ ಇದೇ ಜಿಲ್ಲೆಯಲ್ಲಿದೆ ಎಂಬುದನ್ನು ನೆನೆದರೆ, ಈ ನೆಲಕ್ಕೆ ಮದ್ದುಗುಂಡಿನ ಪರಿಚಯ ಎಷ್ಟು ಹಳೆಯದೆಂದು ಬೇರೆ ಹೇಳಬೇಕಿಲ್ಲ.

ಆದರೆ ರೈತನ ಕೈಗೆ ಬಂದದ್ದು ಸಾಮಾನ್ಯವಾಗಿ ಒಂಟಿ ನಳಿಗೆಯ, ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕು. ಕಾನೂನು ಕೂಡ ಅದನ್ನೇ ಮೊದಲು ಮುಂದಿಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮಿನಂತೆ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಬಂದೂಕು. ಅದು ಸಾಲದು ಎಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಹಾಕುವ, ನುಣುಪು ನಳಿಗೆಯ ಬೇರೆ ಬಂದೂಕು. ಆತ್ಮರಕ್ಷಣೆಗೆಂದು ಅರ್ಜಿ ಹಾಕಿದವನಿಗೆ ನಳಿಗೆ ಕನಿಷ್ಠ 20 ಅಂಗುಲ ಉದ್ದವಿರಬೇಕು. ಮದ್ದು ಸುರಿದು, ಬಟ್ಟೆ ತುರುಕಿ, ಸಲಾಕಿಯಿಂದ ಗಿದಿದು ಒಂದು ಈಡು ಹಾರಿಸುವಷ್ಟರಲ್ಲಿ ಹಂದಿಗಳ ಹಿಂಡು ಕಡಲೆಕಾಯಿ ಹೊಲದಿಂದ ಪಕ್ಕದ ನೀಲಗಿರಿ ತೋಪಿಗೆ ಸೇರಿರುತ್ತದೆ. ಜೋಡಿ ನಳಿಗೆಯ ಆಸೆ ಹುಟ್ಟುವುದು ಅಲ್ಲಿಯೇ. ಕೈ ಎತ್ತಿದ ಜಾಗದಲ್ಲೇ ಎರಡು ಸದ್ದು.

ಇಂಥ ಬಂದೂಕುಗಳು ಇಲ್ಲಿಗೆ ಬಂದ ದಾರಿ ಊಹಿಸಲು ಕಷ್ಟವೇನಲ್ಲ. 1880ರಿಂದ ಕೋಲಾರದ ಚಿನ್ನದ ಗಣಿಯನ್ನು ನಡೆಸಿದ್ದು ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ. ಶಿಕಾರಿ ಆ ಕಾಲದ ಸಾಹೇಬರ ಭಾನುವಾರದ ಕೆಲಸ. ಮದರಾಸಿನ ಪಿ. ಆರ್ ಅಂಡ್ ಸನ್ಸ್, ಕಲ್ಕತ್ತದ ಮ್ಯಾಂಟನ್ ಮತ್ತು ರೋಡಾ ಕಂಪನಿಗಳು ಬಂದೂಕು ಮಾರುತ್ತಿದ್ದವು. ಕೊಳ್ಳುವವರು ಮೊದಲು ಎಡವುವುದು ಈ ಹೆಸರುಗಳಲ್ಲಿಯೇ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಚೆಂದವಾಗಿ ಕೆತ್ತಿದ ಹೆಸರು ಅನೇಕ ಸಲ ತಯಾರಕನದಲ್ಲ, ಅಂಗಡಿಯವನದು. ಬಂದೂಕು ತಯಾರಾದದ್ದು ಬರ್ಮಿಂಗ್‌ಹ್ಯಾಮ್‌ನ ಯಾವುದೋ ಕಾರ್ಖಾನೆಯಲ್ಲಿರಬಹುದು, ಬೆಲ್ಜಿಯಂನ ಲೀಜ್ ಪಟ್ಟಣದಲ್ಲೂ ಇರಬಹುದು.

ವಿದೇಶಿ ಬಂದೂಕನ್ನು ಜನಸಾಮಾನ್ಯರು ತರಿಸಿಕೊಳ್ಳುವ ದಾರಿ 1980ರ ದಶಕದಲ್ಲಿ ಮುಚ್ಚಿತು. ಇರುವಷ್ಟೇ ಕೈಯಿಂದ ಕೈಗೆ ತಿರುಗಬೇಕಾದ್ದರಿಂದ ಹಳೆಯದಕ್ಕೆ ಬೆಲೆ ಏರಿತು. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿ, ಮೂರನೆಯದನ್ನು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಬೇಕೆಂದಿತು. ಹೀಗೆ ಅಂಗಡಿಯ ಕಪಾಟು ಸೇರಿದ ಹಳೆಯ ಮಾಲೂ ಉಂಟು. ನಮ್ಮಲ್ಲೇ ತಯಾರಾದ ಬಂದೂಕು ಬೇಕೆಂದರೆ ಬಿಹಾರದ ಮುಂಗೇರ್, ಜಮ್ಮು ಮುಂತಾದ ಕಡೆಯ ಕಾರ್ಖಾನೆಗಳದ್ದು ಸಿಗುತ್ತದೆ. ಕೆಲಸದಲ್ಲಿ ಒರಟು ಎನಿಸಿದರೂ ಇಂದಿನ ತೋಟಾಕ್ಕೆಂದೇ ಮಾಡಿದ ಬಂದೂಕು ಎಂಬ ನೆಮ್ಮದಿ ಅದರಲ್ಲಿದೆ. ಆ ನೆಮ್ಮದಿಗೆ ಕೊಳ್ಳುವವರು ಕೊಡಬೇಕಾದಷ್ಟು ಬೆಲೆ ಕೊಡುವುದಿಲ್ಲ.

ಹಳೆಯ ಬಂದೂಕಿನ ಜಾತಕ ಇರುವುದು ನಳಿಗೆಗಳ ಅಡಿಯಲ್ಲಿ. ಮುಂಭಾಗದ ಮರದ ತುಂಡನ್ನು ಬಿಡಿಸಿ, ನಳಿಗೆಯನ್ನು ಕಳಚಿ ಮಗುಚಿ ಹಿಡಿದರೆ ಚಪ್ಪಟೆ ಜಾಗದಲ್ಲಿ ಕಿರೀಟ, ಅಕ್ಷರ, ಅಂಕಿಗಳ ಸಣ್ಣ ಮುದ್ರೆಗಳು ಕಾಣುತ್ತವೆ. ಇಂಗ್ಲೆಂಡಿನಲ್ಲಿ ಪ್ರತಿ ನಳಿಗೆಯನ್ನೂ ಮಾರುವ ಮೊದಲು ಹೆಚ್ಚಿನ ಮದ್ದು ತುಂಬಿ ಹಾರಿಸಿ ಪರೀಕ್ಷಿಸಬೇಕೆಂಬುದು ಕಾನೂನು. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ 1813ರಲ್ಲಿ ಸ್ಥಾಪನೆಯಾಯಿತು. 12 ಎಂಬ ಅಂಕಿ ನಳಿಗೆಯ ಬೋರು. ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮ ಗುಂಡು ಎರಕ ಹೊಯ್ದರೆ ಒಂದು ಗುಂಡಿನ ಗಾತ್ರವೆಷ್ಟೋ ಅಷ್ಟು, ಅಂದರೆ ಸುಮಾರು 18.5 ಮಿಲಿಮೀಟರ್. ಕಿರೀಟದ ಅಡಿಯಲ್ಲಿ 'ಎನ್‌ಪಿ' ಎಂದಿದ್ದರೆ ಹೊಗೆಯಿಲ್ಲದ ಮದ್ದಿಗೆ, ಅಂದರೆ ಇಂದಿನ ತೋಟಾದ ಮದ್ದಿನ ಜಾತಿಗೆ, ಪರೀಕ್ಷೆಯಾಗಿದೆ ಎಂದರ್ಥ. ಅದಿಲ್ಲದೆ ನಳಿಗೆಯ ಮೈಮೇಲೆ ನೀರಿನ ಅಲೆಯಂಥ ಚಿತ್ತಾರ ಕಂಡರೆ ಎಚ್ಚರಿಕೆ ಬೇಕು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ ಅದು, ಕರಿಮದ್ದಿನ ಕಾಲದ್ದು. ಗೋಡೆಗೆ ಅಲಂಕಾರ, ಹೊಲಕ್ಕೆ ಅಪಾಯ.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮವಾದದ್ದು. ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿ ತೋಟಾ ಕೂರುವ ಕೋಣೆ ಎರಡೂವರೆ ಅಂಗುಲ, ಅಂದರೆ 65 ಮಿಲಿಮೀಟರ್ ತೋಟಾಕ್ಕೆ ಕೊರೆದದ್ದು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 70 ಮಿಲಿಮೀಟರಿನದು. ಕೊಳ್ಳುವವನು ಒಂದು ತೋಟಾ ಹಾಕಿ ನೋಡುತ್ತಾನೆ. ಸಲೀಸಾಗಿ ಕೂರುತ್ತದೆ, ಬಂದೂಕು ಮುಚ್ಚಿಕೊಳ್ಳುತ್ತದೆ. ಸರಿಹೋಯಿತು ಎಂದುಕೊಳ್ಳುತ್ತಾನೆ. ಆದರೆ ತೋಟಾದ ಮೇಲೆ ಬರೆದ ಉದ್ದ ಹಾರಿದ ಮೇಲಿನ ಉದ್ದ. ಹಾರುವ ಮೊದಲು ಅದರ ಬಾಯಿ ಒಳಕ್ಕೆ ಮಡಚಿಕೊಂಡಿದ್ದು ಗಿಡ್ಡವಾಗಿರುತ್ತದೆ. ಹಾರುವ ಕ್ಷಣದಲ್ಲಿ ಆ ಮಡಿಕೆ ಬಿಚ್ಚಿ ಕೋಣೆಯ ಮುಂದಿನ ಇಕ್ಕಟ್ಟಿಗೆ ತಾಗುತ್ತದೆ. ಚರೆ ಹೊರಡಬೇಕಾದ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ನೂರು ವರ್ಷದ ನಳಿಗೆ ಒಂದೆರಡು ಸಲ ತಡೆದುಕೊಳ್ಳಬಹುದು. ಎಷ್ಟನೆಯ ಸಲ ತಡೆಯುವುದಿಲ್ಲ ಎಂದು ಯಾರೂ ಹೇಳಲಾರರು. 1954ರ ನಂತರ ಪರೀಕ್ಷೆಯಾದ ಬ್ರಿಟಿಷ್ ಬಂದೂಕಾದರೆ ಕೋಣೆಯ ಉದ್ದವನ್ನೂ, ತಡೆಯುವ ಒತ್ತಡವನ್ನು ಟನ್ ಲೆಕ್ಕದಲ್ಲೂ ಮುದ್ರೆಯಲ್ಲೇ ಬರೆದಿರುತ್ತಾರೆ. ಅದಕ್ಕಿಂತ ಹಳೆಯದಾದರೆ ಬಂದೂಕು ರಿಪೇರಿ ಮಾಡುವವರಿಂದ ಅಳೆಸದೆ ತೋಟಾ ಮುಟ್ಟಬಾರದು.

ಮುದ್ರೆ ಓದಿಯಾದ ಮೇಲಿನದು ಕೈಗೆಲಸ. ಎರಡೂ ಕೋಣೆ ಖಾಲಿಯಿವೆಯೆಂದು ಖಚಿತಪಡಿಸಿಕೊಂಡು, ಕಳಚಿದ ನಳಿಗೆಯನ್ನು ಅದರ ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಮರದ ಚೂರಿನಿಂದ ಮೆಲ್ಲನೆ ತಟ್ಟಬೇಕು. ದೇವಸ್ಥಾನದ ಗಂಟೆಯಂತೆ ಎಳೆದ ನಾದ ಬಂದರೆ ನಡುವಿನ ಬೆಸುಗೆ ಗಟ್ಟಿಯಾಗಿದೆ. ಒಡೆದ ಮಡಕೆಯ ಸದ್ದು ಬಂದರೆ ಎಲ್ಲೋ ಬಿಟ್ಟಿದೆ. ಬೆಳಕಿಗೆ ಹಿಡಿದು ಒಳಗೆ ನೋಡಿದಾಗ ಬೆಳಕಿನ ಉಂಗುರಗಳು ಎಲ್ಲೂ ಸೊಟ್ಟಗಾಗಬಾರದು. ಸೊಟ್ಟಗಾದ ಕಡೆ ತಗ್ಗಿದೆ. ಮತ್ತೆ ಜೋಡಿಸಿ, ಮುಂಭಾಗದ ಮರವಿಲ್ಲದೆ ಅಲ್ಲಾಡಿಸಿದಾಗ ನಳಿಗೆ ಲಟಲಟ ಎನ್ನಬಾರದು. ಹಿಂಬದಿಯ ಮರ ಕೈಹಿಡಿಯುವಲ್ಲಿ ತೆಳ್ಳಗಿರುತ್ತದೆ, ಬಿರುಕು ಬರುವುದು ಅಲ್ಲೇ. ಹೊಸದಾಗಿ ವಾರ್ನಿಷ್ ಬಳಿದ ಮರ ಕಂಡರೆ ಏಕೆ ಬಳಿದರು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಕಾಗದದ ದಾರಿ ಹೀಗಿದೆ. ಕೊಳ್ಳುವವನ ಕೈಯಲ್ಲಿ ಮೊದಲು ಲೈಸೆನ್ಸ್ ಇರಬೇಕು. ವ್ಯಾಪಾರಿಯ ಮೂಲಕವಲ್ಲದೆ ನೇರವಾಗಿ ಮಾರುವವನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯಬೇಕು. ಮಾರಾಟವೇ ಬೇಡ, ಮನೆಯಲ್ಲೇ ಉಳಿಯಲಿ ಎನ್ನುವವರಿಗೆ 2016ರ ನಿಯಮಗಳಲ್ಲಿ ಬೇರೆ ದಾರಿಯಿದೆ: ಲೈಸೆನ್ಸ್‌ದಾರನಿಗೆ 70 ವರ್ಷ ತುಂಬಿದಾಗ ಅಥವಾ ಬಂದೂಕು 25 ವರ್ಷ ಅವನ ಬಳಿ ಇದ್ದ ಮೇಲೆ, ತಾನು ಸೂಚಿಸಿದ ವಾರಸುದಾರನ ಹೆಸರಿಗೆ ಲೈಸೆನ್ಸ್ ಕೇಳಬಹುದು.

ಮನೆಗೆ ಬಂದ ಬಂದೂಕಿಗೆ ಕೈ ಒಗ್ಗಿಸಿಕೊಳ್ಳುವುದು ಬೇರೆಯದೇ ಪಾಠ. ಒಂಟಿ ನಳಿಗೆಯ ಮೇಲೆ ಕಣ್ಣಿಟ್ಟು ಅಭ್ಯಾಸವಾದವನಿಗೆ ಕಣ್ಣೆದುರು ಹಠಾತ್ತನೆ ಅಗಲವಾದ ರಸ್ತೆಯೊಂದು ತೆರೆದಂತಾಗುತ್ತದೆ. ಅವನು ನಳಿಗೆಯನ್ನೇ ನೋಡುತ್ತ ನಿಲ್ಲುತ್ತಾನೆ. ನೋಡಬೇಕಾದದ್ದು ಗುರಿಯನ್ನು, ನಡುಪಟ್ಟಿ ಕಣ್ಣಿನ ಅಂಚಿನಲ್ಲಿ ಮಸುಕಾಗಿ ಇದ್ದರೆ ಸಾಕು. ಟ್ರಿಗರ್ ಎರಡು. ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ಬಲ ನಳಿಗೆಯ ಬಾಯಿ ಸಡಿಲ, ಹತ್ತಿರದ ಗುರಿಗೆ. ಎಡದ್ದು ಬಿಗಿ, ದೂರಕ್ಕೆ. ಪೂರ್ತಿ ಬಿಗಿಯಾದ ನಳಿಗೆ 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ ಶೇಕಡಾ 70ರಷ್ಟು ಚರೆಯನ್ನು ಹಾಕುತ್ತದೆ. ಬಿಗಿಯೇ ಇಲ್ಲದ್ದು ಶೇಕಡಾ 40ರಷ್ಟು. 1875ರ ನಂತರದ ಕೆಲವು ವರ್ಷ ಬಿಗಿ ನಳಿಗೆಯ ಮೇಲೆ 'ನಾಟ್ ಫಾರ್ ಬಾಲ್' ಎಂದು ಕೊರೆಯುತ್ತಿದ್ದರು. ಅದರಲ್ಲಿ ಒಂಟಿ ಗುಂಡು ಹಾಕಬೇಡಿ ಎಂಬ ಎಚ್ಚರಿಕೆ ಅದು. ಹಂದಿಗೆಂದು ಗುಂಡು ತುಂಬುವ ಹಳೆಯ ಚಾಳಿಯಿರುವ ಕಡೆ ಈ ಮೂರು ಪದಗಳು ಗೊತ್ತಿರಬೇಕು.

ಬೆರಳು ಒಂದು ಟ್ರಿಗರಿನಿಂದ ಇನ್ನೊಂದಕ್ಕೆ ಜಾರುವಾಗ ಇಡೀ ಕೈ ಕೂಡ ಕೂದಲೆಳೆಯಷ್ಟು ಹಿಂದೆ ಸರಿಯಬೇಕು. ಹಾಗೆ ಸರಿಯಲೆಂದೇ ಇಂಗ್ಲಿಷ್ ಬಂದೂಕಿನ ಹಿಡಿ ನೇರವಾಗಿರುತ್ತದೆ. ಕೈ ಸರಿಯದೆ ಬೆರಳು ಮಾತ್ರ ಬಾಗಿದರೆ ಮೊದಲ ಈಡಿನ ಒದೆತಕ್ಕೆ ಮುಂದಿನ ಟ್ರಿಗರ್ ಬೆರಳ ಗಿಣ್ಣಿಗೆ ಬಡಿಯುತ್ತದೆ. ಎಡಗೈಗೆ ಹಿಡಿಯಲು ಮರ ಸಾಲದು, ಚಿಕ್ಕ ಚೂರು ಅಷ್ಟೆ. ಎಡಗೈ ನಳಿಗೆಯನ್ನೇ ಹಿಡಿಯುವಂತೆ ಅದನ್ನು ಮಾಡಿದ್ದಾರೆ. ಎರಡೇ ಈಡಿಗೆ ನಳಿಗೆ ಬಿಸಿಯಾಗುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಮೈಯಳತೆ. ಆ ಬಂದೂಕನ್ನು ಯಾವನೋ ಎತ್ತರದ ಇಂಗ್ಲಿಷಿನವನಿಗೆ ಅಳೆದು ಮಾಡಿದ್ದಿರಬಹುದು. ಟ್ರಿಗರಿನಿಂದ ಹಿಂಬದಿಯ ಮರದ ತುದಿಗೆ ಹದಿನಾಲ್ಕೂವರೆ ಅಂಗುಲದಷ್ಟಿದ್ದರೆ ಗಿಡ್ಡ ತೋಳಿನವನಿಗೆ ಅದು ಅಂಗಿಗೆ, ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲದೆ ಆ ಮರ ತುಸು ಬಲಕ್ಕೆ ವಾಲಿರುತ್ತದೆ, ಬಲಗೈಯವನ ಕೆನ್ನೆಗೆ ಹೊಂದಲೆಂದು. ಎಡಚನಿಗೆ ಅದು ತಿರುಗಾಮುರುಗಾ. ಪರೀಕ್ಷೆ ಸುಲಭ: ಖಾಲಿ ಬಂದೂಕನ್ನು ಗೋಡೆಯ ಒಂದು ಗುರುತಿನ ಕಡೆಗೆ ಕಣ್ಣುಮುಚ್ಚಿ ಭುಜಕ್ಕೇರಿಸಿ ಕಣ್ಣು ತೆರೆಯುವುದು. ಗುರುತು ನಡುಪಟ್ಟಿಯ ನೇರದಲ್ಲಿದ್ದರೆ ಅಳತೆ ಕೂಡಿದೆ. ಇಲ್ಲವಾದರೆ ಮರವನ್ನು ಕತ್ತರಿಸಬಹುದು. ಒಂದೇ ಸಲ ಒಂದು ಅಂಗುಲ ಕತ್ತರಿಸುವ ಆತುರದ ಬಡಗಿಯ ಕೈಗೆ ಮಾತ್ರ ಕೊಡಬಾರದು.

ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯಲ್ಲಿ ಹಿಡಿಯುವುದು ಸಾಮಾನ್ಯವಾಗಿ ರೈಫಲ್. ಅಲ್ಲಿ ಕಲಿತ ಸುರಕ್ಷತೆ ಇಲ್ಲಿಗೂ ಬರುತ್ತದೆ, ಉಸಿರು ಬಿಗಿಹಿಡಿದು ಕಣ್ಣು ಕಿರಿದಾಗಿಸುವ ಗುರಿಯ ಅಭ್ಯಾಸ ಬರುವುದಿಲ್ಲ.

ಇಷ್ಟೆಲ್ಲ ಕಲಿತು ಹೊಡೆಯುವುದು ಯಾವುದಕ್ಕೆ ಎಂದು ಕೇಳಿದರೆ ಉತ್ತರ ಕಿರಿದಾಗುತ್ತ ಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಶಿಕಾರಿಯ ಬಾಗಿಲು ಮುಚ್ಚಿತು. ನವಿಲಿಗಂತೂ ಕೈ ಎತ್ತುವಂತಿಲ್ಲ. ಕಾಡುಹಂದಿ ಈಗ ಆ ಕಾಯಿದೆಯ ಎರಡನೇ ಷೆಡ್ಯೂಲಿನಲ್ಲಿದೆ; ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಹೊಲದಲ್ಲಿ ಬಂದೂಕಿನಿಂದ ಉಳಿದಿರುವ ಉಪಯೋಗ ಹೆಚ್ಚಾಗಿ ಅದರ ಸದ್ದು. ಎರಡು ನಳಿಗೆಯ ಸದ್ದು ಒಂದರದಕ್ಕಿಂತ ಮೇಲು ಎಂಬುದೇ ಈಗಿನ ಲೆಕ್ಕಾಚಾರ.

ಆ ಸದ್ದೂ ಬೇಕಾದಾಗ ಕೈಯಲ್ಲಿರುವುದಿಲ್ಲ. ಚುನಾವಣೆ ಘೋಷಣೆಯಾದೊಡನೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಬರುವುದು ರೂಢಿ. ಯಾರದನ್ನು ಪಡೆಯಬೇಕೆಂದು ಪರಿಶೀಲಿಸಲು ಜಿಲ್ಲಾ ಮಟ್ಟದ ಸಮಿತಿಯಿರಬೇಕೆಂಬುದು ಚುನಾವಣಾ ಆಯೋಗದ ಸೂಚನೆ. 2023ರ ವಿಧಾನಸಭೆ ಮತದಾನ ನಡೆದದ್ದು ಮೇ 10ರಂದು. 2024ರಲ್ಲಿ ಕೋಲಾರ ಲೋಕಸಭಾ ಕ್ಷೇತ್ರದ ಮತದಾನ ಏಪ್ರಿಲ್ 26ರಂದು. ಎರಡೂ ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ತೂಗುವ ತಿಂಗಳು.

ತಿಂಗಳುಗಟ್ಟಲೆ ಎಲ್ಲೇ ಇದ್ದು ಮರಳಲಿ, ಬಂದೂಕನ್ನು ತೋಟಾ ತುಂಬುವ ಮೊದಲು ಬಿಡಿಸಿ ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿಯಬೇಕು. ತುಕ್ಕು ಕಂಡರೆ ಎಣ್ಣೆಬಟ್ಟೆ ಸಾಕು. ಒಂದರಲ್ಲಿ ಬೆಳಕೇ ಬಾರದಿದ್ದರೆ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಆ ನಳಿಗೆಯಲ್ಲಿ ಈಡು ಹಾರಿಸಿದರೆ ಸರಿಯಾದ ಉದ್ದದ ತೋಟಾ ಹಾಕಿದ್ದರೂ ನಳಿಗೆ ಸಿಡಿಯುತ್ತದೆ.