ಬಾಣಕ್ಕೆ ಯಾವ ಮರ?

1545ರ ಜುಲೈ 19ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಫ್ರೆಂಚರೊಡನೆ ಕಾದಾಡುತ್ತಿದ್ದ 'ಮೇರಿ ರೋಸ್' ಎಂಬ ಯುದ್ಧನೌಕೆ, ದೊರೆ ಎಂಟನೆಯ ಹೆನ್ರಿ ದಡದಿಂದ ನೋಡುತ್ತಿದ್ದಂತೆಯೇ ವಾಲಿ ಮುಳುಗಿತು. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಕಡಲಿನ ಕೆಸರಿನಲ್ಲಿ ಹೂತುಹೋಗಿದ್ದ ಅದರ ಒಡಲನ್ನು 1982ರ ಅಕ್ಟೋಬರಿನಲ್ಲಿ ಮೇಲೆತ್ತಲಾಯಿತು. ಆ ಶೋಧದಲ್ಲಿ ಸಿಕ್ಕ ಸಾವಿರಾರು ವಸ್ತುಗಳಲ್ಲಿ ಸುಮಾರು 3500 ಬಾಣಗಳೂ ಇದ್ದವು. ಕಬ್ಬಿಣದ ಮೊನೆಗಳು ತುಕ್ಕು ಹಿಡಿದು ಕರಗಿಹೋಗಿದ್ದವು. ಗರಿಗಳೂ ಇರಲಿಲ್ಲ. ಉಳಿದದ್ದು ಮರದ ಕಡ್ಡಿ ಮಾತ್ರ. ಅದನ್ನು ಪರೀಕ್ಷಿಸಿದಾಗ ಬಹುಪಾಲು ಕಡ್ಡಿಗಳು ಪಾಪ್ಲರ್ ಜಾತಿಯ ಮರದವು ಎಂದು ತಿಳಿಯಿತು. ಬೆಂಕಿಕಡ್ಡಿ ಮಾಡಲು ಬಳಸುವಂಥ ಹಗುರ, ಮೆದು ಮರ ಅದು.

ಹಡಗು ಮುಳುಗಿದ ಅದೇ 1545ರಲ್ಲಿ ಕೇಂಬ್ರಿಜ್‌ನ ವಿದ್ವಾಂಸ ರೋಜರ್ ಆಸ್ಕಮ್ ಬಿಲ್ವಿದ್ಯೆಯ ಬಗ್ಗೆ 'ಟಾಕ್ಸೋಫಿಲಸ್' ಎಂಬ ಪುಸ್ತಕ ಬರೆದು ದೊರೆ ಹೆನ್ರಿಗೇ ಅರ್ಪಿಸಿದ. ಮುಂದೆ ರಾಣಿಯಾದ ಎಲಿಜಬೆತ್‌ಗೆ ಪಾಠ ಹೇಳಿದವನೂ ಇವನೇ. ಬಾಣಕ್ಕೆ ಬಳಕೆಯಲ್ಲಿದ್ದ ಹತ್ತು ಹದಿನೈದು ಮರಗಳನ್ನು ಹೆಸರಿಸಿ ಆತ ಒಂದೊಂದರ ಗುಣದೋಷ ಹೇಳುತ್ತಾನೆ. ತೀರ ಭಾರದ ಮರ ಕುಂಟುತ್ತ ಸಾಗುತ್ತದೆ, ತೀರ ಹಗುರದ್ದು ಗಾಳಿಯಲ್ಲಿ ಅಲೆದಾಡುತ್ತದೆ, ಬರ್ಚ್‌ನಂಥ ನಡುವಿನ ಮರಗಳು ಒಳ್ಳೆಯವು ಎಂಬುದು ಅವನ ಲೆಕ್ಕ. ಯುದ್ಧದ ಬಾಣದ ವಿಷಯ ಬಂದಾಗ ಮಾತ್ರ ಅವನ ತೀರ್ಪು ಖಡಕ್ಕಾಗಿದೆ. ಈಗಿನಂತೆ ಆಸ್ಪೆನ್ ಮರದಲ್ಲಿ ಮಾಡುವ ಬದಲು ಗಟ್ಟಿಯಾದ ಆಷ್ ಮರದಲ್ಲಿ ಮಾಡುವುದು ಮೇಲು, ಅದರ ಪೆಟ್ಟು ಜೋರು ಎನ್ನುತ್ತಾನೆ. ಆಸ್ಪೆನ್ ಎಂದರೆ ಪಾಪ್ಲರ್ ಬಳಗದ್ದೇ ಮರ. ಅರಳಿಯ ಎಲೆಯಂತೆ ಅದರ ಎಲೆಯೂ ಸಣ್ಣ ಗಾಳಿಗೇ ನಡುಗುತ್ತದೆ.

ಹಾಗಾದರೆ ದೊರೆಯ ಹಡಗಿಗೆ ಬಾಣ ಒದಗಿಸಿದವರು ಕೆಟ್ಟ ಮರ ತುಂಬಿಸಿ ಮೋಸ ಮಾಡಿದರೇ? ಹಾಗೆ ಹೇಳುವಂತಿಲ್ಲ. ಆಸ್ಪೆನ್ ಮರವನ್ನು ಬಾಣಕ್ಕೆಂದೇ ಕಾದಿರಿಸಿದ ಇತಿಹಾಸ ಇಂಗ್ಲೆಂಡಿನಲ್ಲಿ ಹಳೆಯದು. ಕೆಸರಿನಲ್ಲಿ ಓಡಾಡಲು ಪಾದರಕ್ಷೆಯ ಕೆಳಗೆ ಕಟ್ಟಿಕೊಳ್ಳುತ್ತಿದ್ದ ಮರದ ಹಾವುಗೆಗೂ ಇದೇ ಮರ ಬೇಕಾಗುತ್ತಿತ್ತು. ಐದನೆಯ ಹೆನ್ರಿ ಅಜಿಂಕೂರಿನಲ್ಲಿ ಗೆದ್ದ ಮರುವರ್ಷ, 1416ರಲ್ಲಿ, ಹಾವುಗೆ ಮಾಡುವವರು ಆಸ್ಪೆನ್ ಮುಟ್ಟಕೂಡದು ಎಂದು ಕಾಯಿದೆಯೇ ಆಯಿತು. ಹಾವುಗೆಯವರು ಗೋಳು ತೋಡಿಕೊಂಡ ಮೇಲೆ 1464ರಲ್ಲಿ, ಬಾಣಕ್ಕೆ ಒದಗದ ತುಂಡುಗಳನ್ನು ಬಳಸಿಕೊಳ್ಳಬಹುದು ಎಂದು ಸಡಿಲಿಸಲಾಯಿತು. ಒಂದು ರಾಜ್ಯ ಚಪ್ಪಲಿಯವರ ಮೇಲೆ ಇಷ್ಟು ಕಟ್ಟುನಿಟ್ಟು ಮಾಡಬೇಕಾದರೆ ಆ ಮೆದು ಮರದಲ್ಲಿ ಏನೋ ಗುಣ ಇರಲೇಬೇಕು.

ಅದನ್ನು ಅರಿಯಲು ಬಾಣ ಬಿಲ್ಲನ್ನು ಬಿಡುವ ಗಳಿಗೆಯನ್ನು ನೋಡಬೇಕು. ಹೆದೆಯ ನೂಕು ಬಾಣದ ಹಿಂತುದಿಗೆ ಬೀಳುತ್ತದೆ. ಮುಂತುದಿಯಲ್ಲಿರುವ ಕಬ್ಬಿಣದ ಮೊನೆ ಅಷ್ಟು ಬೇಗ ಜರುಗಲು ಒಲ್ಲದು. ಇವೆರಡರ ನಡುವೆ ಸಿಕ್ಕಿದ ಕಡ್ಡಿ ಬಾಗುತ್ತದೆ. ಬಿಲ್ಲಿನ ದಂಡ ದಾರಿಗೆ ಅಡ್ಡ ಇರುವುದರಿಂದ ಬಾಣ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಾಗಿ, ಹಾವಿನಂತೆ ಬಳುಕಿ, ಅದನ್ನು ಬಳಸಿಕೊಂಡು ಹೊರಬೀಳುತ್ತದೆ. ಮೀನಿನ ಬಾಲದಂತೆ ಅಲುಗುತ್ತಲೇ ಸ್ವಲ್ಪ ದೂರ ಹೋದ ಮೇಲಷ್ಟೇ ಅದು ನೆಟ್ಟಗಾಗುವುದು. ಕಣ್ಣಿಗೆ ಕಾಣದ ಈ ಆಟವನ್ನು ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಅತಿವೇಗದ ಕ್ಯಾಮೆರಾದಿಂದ ಚಿತ್ರಿಸಿ ತೋರಿಸಿದ. ಬಾಗದೆ ಸೆಟೆದು ನಿಂತ ಕಡ್ಡಿ ಬಿಲ್ಲಿಗೆ ತಾಗಿ ಒಂದು ಕಡೆಗೆ ಹಾರುತ್ತದೆ; ಹೆಚ್ಚು ಬಾಗುವುದು ಇನ್ನೊಂದು ಕಡೆಗೆ. ಬಾಗುವುದೂ ಬೇಕು, ಬಾಗಿದ ಮೇಲೆ ತಟ್ಟನೆ ನೇರವಾಗುವುದೂ ಬೇಕು.

ಆದ್ದರಿಂದ ಬಾಣ ಮಾಡುವವರು ಮೊದಲು ನೋಡುವುದು ಈ ಬಿಗಿಯನ್ನು. ಇಂದಿಗೂ ಮರದ ಬಾಣ ಬಳಸುವವರು ಪ್ರತಿ ಕಡ್ಡಿಯನ್ನೂ 26 ಅಂಗುಲ ಅಂತರದ ಎರಡು ಗೂಟಗಳ ಮೇಲಿಟ್ಟು, ನಡುವೆ ಎರಡು ಪೌಂಡ್ ತೂಕ ತೂಗಿಸಿ, ಎಷ್ಟು ಜಗ್ಗಿತೆಂದು ಅಳೆಯುತ್ತಾರೆ. 26ನ್ನು ಆ ಅಳತೆಯಿಂದ ಭಾಗಿಸಿದರೆ ಎಷ್ಟು ಪೌಂಡ್ ಸೆಳೆತದ ಬಿಲ್ಲಿಗೆ ಅದು ಹೊಂದುತ್ತದೆಂಬ ಅಂದಾಜು ಸಿಗುತ್ತದೆ. ಅರ್ಧ ಅಂಗುಲ ಜಗ್ಗಿದ ಕಡ್ಡಿ 52 ಪೌಂಡಿನ ಬಿಲ್ಲಿನದು. 'ಮೇರಿ ರೋಸ್' ಬಿಲ್ಲುಗಳ ಸೆಳೆತ ಸುಮಾರು 100ರಿಂದ 185 ಪೌಂಡ್ ಇದ್ದಿರಬೇಕೆಂದು ಲೆಕ್ಕ ಹಾಕಿದ್ದಾರೆ. ಅಂಥ ನೂಕನ್ನು ತಡೆಯುವ ಕಡ್ಡಿ ಬಹಳ ಬಿಗಿಯಾಗಿರಬೇಕು.

ಮೆದು ಮರದ ಗುಟ್ಟು ಇಲ್ಲಿದೆ. ದುಂಡನೆಯ ಕಡ್ಡಿಯನ್ನು ತುಸು ದಪ್ಪ ಮಾಡಿದರೆ ತೂಕಕ್ಕಿಂತ ಬಿಗಿ ಬಹಳ ಬೇಗ ಏರುತ್ತದೆ. ವ್ಯಾಸವನ್ನು ಐದನೇ ಒಂದರಷ್ಟು ಹೆಚ್ಚಿಸಿದರೆ ತೂಕ ಸುಮಾರು ಒಂದೂವರೆಪಟ್ಟಾಗುತ್ತದೆ, ಬಿಗಿ ಎರಡುಪಟ್ಟು ದಾಟುತ್ತದೆ. ಒಣಗಿದ ಆಷ್ ಘನ ಮೀಟರಿಗೆ ಸುಮಾರು 700 ಕಿಲೋ ತೂಗಿದರೆ ಆಸ್ಪೆನ್ ತೂಗುವುದು 450ರ ಆಸುಪಾಸು. ಆದ್ದರಿಂದ ಹಗುರ ಮರದ ದಪ್ಪ ಕಡ್ಡಿ, ಭಾರದ ಮರದ ಸಣ್ಣ ಕಡ್ಡಿಯಷ್ಟೇ ಬಿಗಿಯಾಗಿದ್ದೂ ತೂಕದಲ್ಲಿ ಕಡಿಮೆ ಇರಬಲ್ಲದು, ಹೆಚ್ಚು ದೂರ ಹೋಗಬಲ್ಲದು. ಜೊತೆಗೆ ಆ ಮರ ಬೇಗ ಬೆಳೆಯುತ್ತದೆ, ಉಜ್ಜುಗೊರಡಿಗೆ ಸುಲಭವಾಗಿ ಒಗ್ಗುತ್ತದೆ, ಒಮ್ಮೆಲೇ ಚೂರಾಗಿ ಸಿಡಿಯುವುದಿಲ್ಲ. ಇಪ್ಪತ್ತನಾಲ್ಕು ಬಾಣಗಳ ಕಟ್ಟುಗಳನ್ನು ಲೆಕ್ಕವಿಲ್ಲದಷ್ಟು ಕೊಂಡು ಕೂಡಿಡಬೇಕಾದ ಸರಕಾರಕ್ಕೆ ಇನ್ನೇನು ಬೇಕು? ಆಸ್ಕಮ್ ಕೇಳಿದ್ದು ಒಂದು ಬಾಣದ ಪೆಟ್ಟಿನ ಪ್ರಶ್ನೆ. ಸರಕಾರ ಕೇಳಿದ್ದು ದೂರದ, ಸಂಖ್ಯೆಯ ಪ್ರಶ್ನೆ. ಭಾರದ ಬಾಣ ಬಿಲ್ಲಿನ ಶಕ್ತಿಯನ್ನು ಹೆಚ್ಚು ಹೀರಿಕೊಂಡು ಬಲವಾಗಿ ನಾಟುತ್ತದೆಂಬುದು ನಿಜ. ಮೇಷ್ಟರು ತಪ್ಪಲ್ಲ, ಉಗ್ರಾಣದವರೂ ತಪ್ಪಲ್ಲ.

ಬಾಳಿಕೆಯ ಮಾತಿಗೆ ಬಂದರೆ, ಜಾತಿಗಿಂತ ಮುಖ್ಯವಾದದ್ದು ಮರದ ಎಳೆ. ಎಳೆಗಳು ಈ ತುದಿಯಿಂದ ಆ ತುದಿಯವರೆಗೆ ಕಡ್ಡಿಯ ಉದ್ದಕ್ಕೇ ಓಡಬೇಕು. ನಡುವೆಯೇ ಓರೆಯಾಗಿ ಪಕ್ಕಕ್ಕೆ ಹೊರಟುಹೋದರೆ ಅದು ಎಷ್ಟು ಗಟ್ಟಿ ಮರವಾದರೂ ಅಲ್ಲೇ ಸೀಳುತ್ತದೆ. ಸೀಳುವುದು ಹೆದೆ ಬಿಟ್ಟ ಗಳಿಗೆಯಲ್ಲಾದರೆ ಮುರಿದ ಚೂಪು ತುಂಡು ಬಿಲ್ಲು ಹಿಡಿದ ಕೈಯೊಳಗೇ ಹೊಕ್ಕೀತು. ಈ ಭಯದಿಂದಲೇ ಹಿಂದಿನವರು ಗರಗಸದಿಂದ ಕೊಯ್ದ ತುಂಡಿಗಿಂತ ಕೊಡಲಿಯಿಂದ ಸೀಳಿದ ತುಂಡನ್ನು ಮೆಚ್ಚುತ್ತಿದ್ದರು. ಗರಗಸ ಎಳೆಯನ್ನು ಅಡ್ಡ ಕತ್ತರಿಸಿಕೊಂಡು ಹೋಗುತ್ತದೆ. ಸೀಳು ಎಳೆಯ ಜಾಡು ಹಿಡಿದೇ ಹೋಗುತ್ತದೆ. ಗಂಟುಗಳಿಲ್ಲದ ಮರ, ಸಾವಕಾಶವಾಗಿ ಒಣಗಿಸಿದ ಮರ ಎಂಬುದಂತೂ ಬಡಗಿಗಳಿಗೆ ಹೇಳಿಕೊಡಬೇಕಾದ ಮಾತಲ್ಲ. ಹೆದೆ ಕೂರಿಸುವ ಕಚ್ಚನ್ನು ವರ್ಷದ ಉಂಗುರಗಳಿಗೆ ಅಡ್ಡಲಾಗಿ ಕೊರೆಯಬೇಕು. ಇಲ್ಲದಿದ್ದರೆ ಹೆದೆಯೇ ಬೆಣೆಯಂತೆ ಕಡ್ಡಿಯನ್ನು ಸೀಳುತ್ತದೆ. 'ಮೇರಿ ರೋಸ್' ಬಾಣಗಳಲ್ಲಿ ಆ ಜಾಗಕ್ಕೆ ಕೊಂಬಿನ ತೆಳು ಚಕ್ಕೆ ಕೂರಿಸಿದ್ದರು. ಕೊಂಬು ಕರಗಿ ಅದರ ಸೀಳು ಉಳಿದಿದೆ. ಅನುಭವಿ ಬಿಲ್ಲುಗಾರರು ಇವತ್ತಿಗೂ ಬಿಡುವ ಮುನ್ನ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ, ಚಟ್ ಎಂಬ ಸದ್ದಿಗೆ ಕಿವಿಗೊಡುತ್ತಾರೆ.

ಗುರಿಗೆ ಬಿದ್ದ ಬಾಣ ಸಾಮಾನ್ಯವಾಗಿ ಮುರಿಯುವುದು ಮೊನೆಯ ಹಿಂದೆಯೇ. ಆ ಜಾಗಕ್ಕೆ ಬೇರೊಂದು ಗಟ್ಟಿ ಮರವನ್ನು ಕೀಲಿಸಿ ಅಂಟಿಸುವ ರೂಢಿ ಆಸ್ಕಮ್‌ಗೂ ಗೊತ್ತಿತ್ತು. ಜೊಂಡಿನ ಬಾಣಗಳಿಗೆ ಗಟ್ಟಿ ಮರದ ಮುಂತುದಿ ಸೇರಿಸುವುದನ್ನು ಅವನಿಗಿಂತ ಸಾವಿರಾರು ವರ್ಷ ಮುಂಚೆಯೇ ಈಜಿಪ್ಟಿನವರು ಮಾಡುತ್ತಿದ್ದರು.

ಜೊಂಡು, ಬಿದಿರು ಇರುವ ನಾಡುಗಳಲ್ಲಿ ಮರ ಸೀಳುವ ಈ ಕಷ್ಟವೇ ಇರಲಿಲ್ಲ. ಒಳಗೆ ಪೊಳ್ಳು, ಹೊರಗೆ ಉದ್ದುದ್ದ ನಾರು: ಕಡಿಮೆ ತೂಕದಲ್ಲಿ ಹೆಚ್ಚು ಬಿಗಿ ಬೇಕೆಂದರೆ ಇದಕ್ಕಿಂತ ಬೇರೆ ಏನು ಬೇಕು? ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾದ ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಆಯುಧಾಗಾರದ ಪ್ರಕರಣವಿದೆ. ಅಲ್ಲಿ ಬಾಣಗಳನ್ನು ಎಣಿಸುವಾಗ ಮೊದಲು ಬರುವವು ವೇಣು ಮತ್ತು ಶರ. ವೇಣು ಎಂದರೆ ಬಿದಿರು. ಶರ ಎಂದರೆ ಎತ್ತರಕ್ಕೆ ಬೆಳೆಯುವ ಒಂದು ಜಾತಿಯ ಜೊಂಡುಹುಲ್ಲು. ಷಣ್ಮುಖ ಹುಟ್ಟಿದ ಶರವಣ ಬಾಣಗಳ ಕಾಡಲ್ಲ, ಆ ಜೊಂಡಿನ ಪೊದೆ. ಕನ್ನಡ ಕಾವ್ಯಗಳಲ್ಲಿ ಬಾಣ ಎಂಬರ್ಥದಲ್ಲಿ ಹೇರಳವಾಗಿ ಬರುವ 'ಶರ' ಪದದ ಹಿಂದೆ ಇರುವುದೂ ಇದೇ ಗಿಡ.

ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ಬಿಲ್ಲುಗಾರರು ಮೆಚ್ಚಿದ ಮರ ಇನ್ನೊಂದು. ಅಮೆರಿಕದ ಒರೆಗಾನ್‌ನ ನೈರುತ್ಯ ಮತ್ತು ಕ್ಯಾಲಿಫೋರ್ನಿಯದ ವಾಯವ್ಯ ಮೂಲೆಗಳಲ್ಲಿ ಮಾತ್ರ ತಾನಾಗಿ ಬೆಳೆಯುವ ಪೋರ್ಟ್ ಆರ್ಫರ್ಡ್ ಸೀಡರ್ ಅದು. ಕೊಯ್ದರೆ ಶುಂಠಿಯ ವಾಸನೆ, ನೇರವಾದ ಎಳೆ, ಹಗುರವಾದರೂ ಬಾಗಿ ತಟ್ಟನೆ ನೇರವಾಗುವ ಗುಣ. ಬೇಕಾದ್ದೆಲ್ಲ ಒಂದೇ ಮರದಲ್ಲಿ ಕೂಡಿಬಂದಿತ್ತು. ಆದರೆ 1950ರ ದಶಕದಲ್ಲಿ ಅದರ ತವರಿಗೇ ಬೇರು ಕೊಳೆಯುವ ರೋಗ ಹೊಕ್ಕಿತು. ನೀರಿನ ಜೊತೆ, ಲಾರಿಯ ಗಾಲಿಗೂ ಬೂಟಿಗೂ ಮೆತ್ತಿದ ಕೆಸರಿನ ಜೊತೆ ಅದು ಹಳ್ಳದಿಂದ ಹಳ್ಳಕ್ಕೆ ಹಬ್ಬಿ ಮರಗಳನ್ನು ಒಣಗಿಸಿತು. ರೋಗ ತಡೆಯಬಲ್ಲ ಸಸಿಗಳನ್ನು ಆಯ್ದು ಬೆಳೆಸುವ ಕೆಲಸ ಒರೆಗಾನ್‌ನಲ್ಲಿ ನಡೆದಿದೆ. ಮಳೆಗಾಲದಲ್ಲಿ ಕೆಲವು ಕಾಡುರಸ್ತೆಗಳಿಗೆ ಬೇಲಿ ಹಾಕುತ್ತಾರೆ. ಒಳಗೆ ಹೋಗುವವರು ಗಾಲಿ ತೊಳೆದು, ಬೂಟು ತೊಳೆದು ಹೋಗಬೇಕು.