ಮನಸ್ಸಿನ ಮಾತ್ರೆ ಬಿಡಬೇಕೇ? ದಿಢೀರ್ ಬೇಡ!

‘ಈಗ ಚೆನ್ನಾಗೇ ಇದ್ದೀನಲ್ಲ, ಇನ್ನೂ ಯಾಕ್ರೀ ಈ ಮಾತ್ರೆ?’

ಮನೆಯವರನ್ನೆಲ್ಲ ಕಳಿಸಿ, ಅಡುಗೆಮನೆ ಡಬ್ಬಿಗಳ ಹಿಂದೆ ಬಚ್ಚಿಟ್ಟ ಮಾತ್ರೆಯ ಸ್ಟ್ರಿಪ್ ತೆಗೆಯುವಾಗಲೆಲ್ಲ ಈ ಪ್ರಶ್ನೆ ನಿಮ್ಮನ್ನೂ ಕಾಡಿರಬಹುದು. ವರ್ಷದ ಹಿಂದೆ ಹಾಸಿಗೆಯಿಂದ ಏಳಲೂ ಮನಸ್ಸಿರಲಿಲ್ಲ. ಕಾರಣವಿಲ್ಲದ ಅಳು, ನಿದ್ದೆಯಿಲ್ಲದ ರಾತ್ರಿಗಳು. ಡಾಕ್ಟರು ‘ಖಿನ್ನತೆ’ ಅಂದರು, ಮಾತ್ರೆ ಬರೆದುಕೊಟ್ಟರು. ಈಗ ನಿದ್ದೆ ಬರುತ್ತಿದೆ, ಊಟ ರುಚಿಸುತ್ತಿದೆ, ಸಂಜೆ ಪಕ್ಕದ ಮನೆಯವರ ಜತೆ ವಾಕಿಂಗ್ ಕೂಡ ಉಂಟು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನಿಸುವುದು ಸಹಜವೇ.

ಜತೆಗೆ ಮನೆಯ ಮಾತು ಬೇರೆ. ‘ಎಷ್ಟು ದಿನ ಅಂತ ನುಂಗ್ತೀಯಮ್ಮಾ, ಚಟ ಆಗಿಬಿಡುತ್ತೆ’ ಎನ್ನುವ ಅತ್ತೆ. ‘ತಂಗಿ ಮದುವೆ ಮಾತುಕತೆ ನಡೀತಿದೆ, ಬೀಗರಿಗೆ ಗೊತ್ತಾದ್ರೆ?’ ಎನ್ನುವ ಪತಿರಾಯರು. ಸರಿ, ನಾಳೆಯಿಂದ ಬೇಡವೇ ಬೇಡ ಎಂದು ನೀವೇ ತೀರ್ಮಾನಿಸಿಬಿಡುತ್ತೀರಿ.

ಮೊದಲ ಎರಡು ದಿನ ಏನೂ ಅನ್ನಿಸದಿರಬಹುದು. ಮೂರನೇ ದಿನ ಒಲೆ ಮುಂದೆ ನಿಂತಾಗ ತಲೆ ಗಿರ್ರನೆ ಸುತ್ತುತ್ತದೆ. ಕಣ್ಣು ಹೊರಳಿಸಿದರೆ ತಲೆಯೊಳಗೆ ಸಣ್ಣಗೆ ಕರೆಂಟ್ ಹೊಡೆದ ಹಾಗೆ. ವಾಕರಿಕೆ, ವಿಚಿತ್ರ ಕನಸು, ಮಕ್ಕಳ ಮೇಲೆ ಸಿಡಿಮಿಡಿ. ‘ಅಯ್ಯೋ, ಕಾಯಿಲೆ ಮತ್ತೆ ಬಂತು’ ಎಂಬ ಭಯ!

ಹೀಗೇಕಾಗುತ್ತದೆ?

ಎಸಿಟಾಲೊಪ್ರಾಮ್, ಸರ್ಟ್ರಲಿನ್‌ನಂಥ ಮಾತ್ರೆಗಳು ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ತಿಂಗಳುಗಟ್ಟಲೆ ತೆಗೆದುಕೊಂಡಾಗ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ. ಒಲೆ ಆರಿಸಿದ ತಕ್ಷಣ ಕುಕ್ಕರ್ ಮುಚ್ಚಳ ಎಳೆಯುತ್ತೀರಾ? ಒತ್ತಡ ಇಳಿಯಲಿ ಎಂದು ಕಾಯುತ್ತೀರಿ ತಾನೇ? ಮಿದುಳಿಗೂ ಅಷ್ಟೇ ಸಮಯ ಕೊಡಬೇಕು.

ಇದು ಎಲ್ಲರಿಗೂ ಆಗುವುದಿಲ್ಲ. 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಮಾತ್ರೆ ನಿಲ್ಲಿಸಿದ್ದೇ ಕಾರಣವಾಗಿ ತೊಂದರೆ ಕಾಣುವುದು ಆರೇಳು ಜನರಲ್ಲಿ ಒಬ್ಬರಿಗೆ. ಬೇಗ ದೇಹದಿಂದ ಹೊರಹೋಗುವ ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಕಾಟ ಹೆಚ್ಚು. ನಿಧಾನವಾಗಿ ಹೋಗುವ ಫ್ಲೂಕ್ಸೆಟಿನ್‌ನಲ್ಲಿ ಕಡಿಮೆ.

ಅತ್ತೆಯವರು ಹೇಳುವ ಹಾಗೆ ಇದು ಚಟವೂ ಅಲ್ಲ. ಮಾತ್ರೆ ಬೇಕೇ ಬೇಕು ಎಂಬ ಹಂಬಲ, ದಿನೇ ದಿನೇ ಡೋಸ್ ಏರಿಸುವ ಆಸೆ ಇಲ್ಲಿ ಹುಟ್ಟುವುದಿಲ್ಲ. ಆದರೆ ನಿದ್ದೆಗೆ, ಗಾಬರಿಗೆ ಕೊಡುವ ಅಲ್ಪ್ರಜೋಲಂ, ಕ್ಲೋನಜೆಪಾಮ್‌ಗಳ ವಿಷಯ ಬೇರೆ. ಅವು ಅವಲಂಬನೆ ತರುತ್ತವೆ. ಬಹುದಿನ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು, ಜೋಕೆ.

ಕಾಯಿಲೆ ಮರುಕಳಿಸಿತೇ?

ಗುರುತಿಸಲು ಸುಳಿವುಗಳಿವೆ. ಮಾತ್ರೆ ಬಿಟ್ಟ ಕೆಲವೇ ದಿನಗಳಲ್ಲಿ ಶುರುವಾಗಿ, ತಲೆಸುತ್ತು, ಕರೆಂಟ್ ಹೊಡೆತದಂಥ ಹೊಸ ತೊಂದರೆಗಳು ಕಂಡರೆ ಅದು ಬಿಟ್ಟದ್ದರ ಪರಿಣಾಮ ಇರಬಹುದು. ಹಲವರಲ್ಲಿ ಒಂದೆರಡು ವಾರಕ್ಕೆ ತಗ್ಗುತ್ತದೆ, ಕೆಲವರಿಗೆ ತಿಂಗಳುಗಳೂ ಹಿಡಿಯುತ್ತವೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹಳೆಯ ಬೇಸರ, ನಿರುತ್ಸಾಹ ಮೆಲ್ಲಗೆ ಆವರಿಸಿದರೆ ಕಾಯಿಲೆ ಮರಳಿರಬಹುದು. ಎರಡನ್ನೂ ಬೇರ್ಪಡಿಸಿ ಹೇಳಬೇಕಾದವರು ಡಾಕ್ಟರೇ.

ಯಾವಾಗ ಬಿಡಬಹುದು?

ಮೊದಲ ಬಾರಿ ಖಿನ್ನತೆ ಬಂದವರು ಪೂರ್ತಿ ಹುಷಾರಾದ ಮೇಲೂ ಕನಿಷ್ಠ 6ರಿಂದ 9 ತಿಂಗಳು ಮಾತ್ರೆ ಮುಂದುವರಿಸಬೇಕೆಂಬುದು ಸಾಮಾನ್ಯ ಸಲಹೆ. ಪದೇ ಪದೇ ಬಂದಿದ್ದರೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು. ದೀರ್ಘಕಾಲ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದವರ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಹಂತಹಂತವಾಗಿ ಬಿಟ್ಟವರಲ್ಲಿ ವರ್ಷದೊಳಗೆ ನೂರಕ್ಕೆ 56 ಮಂದಿಗೆ ಖಿನ್ನತೆ ಮರಳಿತ್ತು, ಮುಂದುವರಿಸಿದವರಲ್ಲಿ 39 ಮಂದಿಗೆ. ಅಂದರೆ ಬಿಟ್ಟೂ ಚೆನ್ನಾಗಿರುವವರಿದ್ದಾರೆ. ಆದರೆ ಅಪಾಯ ಇಲ್ಲದಿಲ್ಲ.

ಹೀಗೆ ಮಾಡಿ

* ಮಾತ್ರೆ ಬರೆದುಕೊಟ್ಟ ಡಾಕ್ಟರನ್ನೇ ಕಾಣಿ. ಮೆಡಿಕಲ್ ಶಾಪಿನವರ ಅಥವಾ ಗೆಳತಿಯ ಸಲಹೆ ಸಾಲದು.

* ಮನೆಯಲ್ಲಿ ಮದುವೆ, ಮಕ್ಕಳ ಪರೀಕ್ಷೆ, ಮನೆ ಬದಲಾವಣೆ ಇದ್ದಾಗ ಶುರು ಮಾಡಬೇಡಿ. ಬದುಕು ಸ್ವಲ್ಪ ಶಾಂತವಾಗಿರುವ ಕಾಲ ನೋಡಿ.

* ಡೋಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲಿ. ಸಾಮಾನ್ಯವಾಗಿ ಒಂದೊಂದು ಮೆಟ್ಟಿಲಿಗೂ ಎರಡರಿಂದ ನಾಲ್ಕು ವಾರ ಬೇಕು. ಕೊನೆಯ ಮೆಟ್ಟಿಲುಗಳು ಇನ್ನೂ ಚಿಕ್ಕದಾಗಿರಲಿ. ಸಣ್ಣ ಡೋಸ್‌ಗೂ ಮಿದುಳಿನ ಮೇಲೆ ದೊಡ್ಡ ಪ್ರಭಾವವಿರುವುದರಿಂದ, ಎಷ್ಟೋ ಜನ ಎಡವುವುದು ಕಡೆಯಲ್ಲೇ.

* ‘ದಿನ ಬಿಟ್ಟು ದಿನ ತಗೊಂಡ್ರಾಯ್ತು’ ಎಂಬ ಸ್ವಂತ ಲೆಕ್ಕ ಬೇಡ. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆಗಿ ಮಿದುಳು ಉಯ್ಯಾಲೆಯಾಡುತ್ತದೆ. ಕ್ಯಾಪ್ಸೂಲ್ ಬಿಚ್ಚುವುದು, ನಿಧಾನವಾಗಿ ಕರಗುವ ಮಾತ್ರೆ ಮುರಿಯುವುದು ಡಾಕ್ಟರನ್ನು ಕೇಳದೆ ಕೂಡದು.

* ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಅಂದಿನ ಡೋಸ್, ನಿದ್ದೆ, ಮನಸ್ಥಿತಿ ಗುರುತು ಮಾಡಿ. ಡಾಕ್ಟರಿಗೆ ತೋರಿಸಲು ಅನುಕೂಲ.

* ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ನಿಮ್ಮ ಬದಲಾವಣೆ ನಿಮಗಿಂತ ಮೊದಲು ಅವರಿಗೆ ಕಾಣಬಹುದು.

* ತೊಂದರೆ ಹೆಚ್ಚಾದರೆ ಹಲ್ಲುಕಚ್ಚಿ ಸಹಿಸಬೇಡಿ. ಹಿಂದಿನ ಡೋಸ್‌ಗೆ ಮರಳಿ, ಇನ್ನೂ ನಿಧಾನವಾಗಿ ಇಳಿಸುವ ದಾರಿಯನ್ನು ಡಾಕ್ಟರು ಹೇಳುತ್ತಾರೆ.

* ಗರ್ಭಿಣಿಯೆಂದು ತಿಳಿದ ತಕ್ಷಣ ಗಾಬರಿಯಿಂದ ಮಾತ್ರೆ ಎಸೆಯಬೇಡಿ. ಅಂದೇ ಡಾಕ್ಟರಿಗೆ ತಿಳಿಸಿ.

‘ಬದುಕೇ ಬೇಡ’ ಎಂಬ ಯೋಚನೆ ಬಂದರೆ ಒಂದು ಗಳಿಗೆಯೂ ತಡಮಾಡದೆ ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಮಾಡಿಯೂ ಕೆಲವರಿಗೆ ಮಾತ್ರೆ ಮುಂದುವರಿಸಬೇಕಾಗಬಹುದು. ಅದು ಸೋಲಲ್ಲ. ಬಿ.ಪಿ. ಮಾತ್ರೆ ನುಂಗುವ ಮಾವನವರನ್ನು ಯಾರಾದರೂ ‘ಇನ್ನೂ ಬಿಟ್ಟಿಲ್ವಾ?’ ಎಂದು ಕೇಳುತ್ತಾರೆಯೇ?

ಹಾಗಾಗಿ ಡಬ್ಬಿ ಹಿಂದಿನ ಆ ಸ್ಟ್ರಿಪ್ ಕಸದಬುಟ್ಟಿಗೆ ಹೋಗುವುದು ಬೇಡ. ಪರ್ಸಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ‘ಈಗ ಚೆನ್ನಾಗೇ ಇದ್ದೀನಲ್ಲ, ಇನ್ನೂ ಯಾಕೆ ಈ ಮಾತ್ರೆ?’ ಎಂದು ಅವರನ್ನೇ ಕೇಳಿ. ಕೇಳುವ ಹಕ್ಕು ನಿಮಗಿದೆ.